ಏಜೆಂಟ್ ಒಂದೇ ಮೆಸೇಜನ್ನು ಎರಡೆರಡು ಸಲ ಕಳಿಸುತ್ತಿದೆ: ಟೂಲ್ ವಿವರಣೆಯಲ್ಲಿ ಏನಿರಬೇಕು?

ಪ್ರಶ್ನೆ: ಟೆಲಿಗ್ರಾಂ ಬಾಟನ್ನು ನನ್ನ ಎಐ ಏಜೆಂಟಿಗೆ ಟೂಲ್ ಆಗಿ, ಅಂದರೆ ಅದು ತಾನೇ ಕರೆದು ಬಳಸಬಹುದಾದ ಕೋಡ್ ಆಗಿ, ಜೋಡಿಸಿದ್ದೇನೆ. ವಿವರಣೆ ಒಂದೇ ಸಾಲು: ‘ಟೆಲಿಗ್ರಾಂ ಮೆಸೇಜ್ ಕಳಿಸುತ್ತದೆ.’ ಏಜೆಂಟ್ ಕೆಲವೊಮ್ಮೆ ಒಂದೇ ಮೆಸೇಜನ್ನು ಎರಡು ಸಲ ಕಳಿಸುತ್ತದೆ, ಕೆಲವೊಮ್ಮೆ ಏನೂ ಹೋಗದಿದ್ದರೂ ‘ಕಳಿಸಿದ್ದೇನೆ’ ಎನ್ನುತ್ತದೆ. ತಪ್ಪು ಎಲ್ಲಿದೆ?

ಉತ್ತರ: ಬಹುಪಾಲು ಆ ಒಂದು ಸಾಲಿನಲ್ಲೇ ಇದೆ. ಏಜೆಂಟಿನ ಒಳಗಿರುವ ಎಐ ಮಾಡೆಲ್ ನಿಮ್ಮ ಕೋಡನ್ನು ನೋಡುವುದಿಲ್ಲ. ಅದಕ್ಕೆ ಕಾಣುವುದು ಟೂಲಿನ ಹೆಸರು, ವಿವರಣೆ, ಪ್ಯಾರಾಮೀಟರ್‌ಗಳ ಸ್ಕೀಮಾ (ಟೂಲಿಗೆ ಏನೇನು ಕೊಡಬೇಕೆಂಬ ನಮೂನೆ), ಆಮೇಲೆ ಕರೆ ಮಾಡಿದಾಗ ನೀವು ಹಿಂದಿರುಗಿಸುವ ಪಠ್ಯ. ಇಷ್ಟರಲ್ಲಿ ಇಲ್ಲದ್ದನ್ನು ಅದು ಊಹಿಸಿಕೊಳ್ಳುತ್ತದೆ.

ಎರಡು ಸಲ ಹೋಗುವುದಕ್ಕೆ ಸಾಮಾನ್ಯ ಕಾರಣ ಉತ್ತರಕ್ಕೆ ಕಾಯುವ ಅವಧಿ ಮುಗಿಯುವುದು, ಅಂದರೆ ಟೈಮ್‌ಔಟ್. ಮೆಸೇಜ್ ಟೆಲಿಗ್ರಾಂ ಸರ್ವರ್ ಮುಟ್ಟಿರುತ್ತದೆ, ಉತ್ತರ ಮಾತ್ರ ವಾಪಸ್ ಬಂದಿರುವುದಿಲ್ಲ. ‘ಎರರ್’ ಎಂದು ಕಂಡ ಏಜೆಂಟ್ ಮತ್ತೆ ಕಳಿಸುತ್ತದೆ. ಕೋಡ್ ಟೆಲಿಗ್ರಾಂ ಜೊತೆ ವ್ಯವಹರಿಸುವ ಬಾಟ್ ಎಪಿಐನಲ್ಲಿ ಮೆಸೇಜ್ ಕಳಿಸುವ ಕರೆಯಾದ ಸೆಂಡ್‌ಮೆಸೇಜ್‌ನಲ್ಲಿ ‘ಇದು ಹಿಂದಿನದೇ ಮೆಸೇಜ್’ ಎಂದು ಗುರುತಿಸುವಂಥ ಪ್ಯಾರಾಮೀಟರ್ ಇಲ್ಲ. ಹಳೆಯ ಮೆಸೇಜ್‌ಗಳನ್ನು ತೆಗೆದು ಪರೀಕ್ಷಿಸೋಣವೆಂದರೆ ಬಾಟಿಗೆ ಆ ಸೌಲಭ್ಯವೂ ಇಲ್ಲ. ಹಾಗಾಗಿ ನಿಮ್ಮ ಕೋಡ್ ಟೈಮ್‌ಔಟನ್ನು ಬೇರೆ ಎರರ್‌ಗಳ ಜೊತೆ ಬೆರೆಸದೆ, ‘ತಲುಪಿರಬಹುದು, ಖಚಿತವಿಲ್ಲ, ಮತ್ತೆ ಕಳಿಸಬೇಡ’ ಎಂದೇ ಹಿಂದಿರುಗಿಸಬೇಕು. ಅದೇ ಚಾಟಿಗೆ ಅದೇ ಪಠ್ಯ ಕೆಲವು ನಿಮಿಷಗಳೊಳಗೆ ಮತ್ತೆ ಬಂದರೆ ಕೋಡೇ ತಡೆಯಲಿ. ವಿವರಣೆಯೊಂದನ್ನೇ ನಂಬಿ ಕೂರುವುದು ಸರಿಯಲ್ಲ.

ಸುಳ್ಳು ‘ಕಳಿಸಿದ್ದೇನೆ’ಗೆ ಕಾರಣ ಇನ್ನೂ ಸರಳ: ಕೋಡ್ ಏನೇ ಆಗಿದ್ದರೂ ‘ಆಯಿತು’ ಎಂದೋ ಖಾಲಿ ಉತ್ತರವನ್ನೋ ಕೊಡುತ್ತಿರುತ್ತದೆ. ಯಶಸ್ಸಾದರೆ ಟೆಲಿಗ್ರಾಂ ಮೆಸೇಜ್ ಐಡಿ ಕೊಡುತ್ತದೆ. ಅದನ್ನೇ ಏಜೆಂಟಿಗೆ ದಾಟಿಸಿ.

ಹೀಗೊಂದು ವಿವರಣೆ ಸಾಕಾಗುತ್ತದೆ:

‘ನಿಗದಿತ ಟೆಲಿಗ್ರಾಂ ಚಾಟಿಗೆ ಒಂದು ಪಠ್ಯ ಕಳಿಸುತ್ತದೆ. ಬಳಕೆದಾರರು ಕಳಿಸು ಎಂದು ಹೇಳಿದಾಗ ಮಾತ್ರ ಬಳಸು; ಕರಡು ತೋರಿಸಲು ಬಳಸಬೇಡ. ಪಠ್ಯ 4096 ಅಕ್ಷರ ಮೀರಬಾರದು. ಮೆಸೇಜ್ ಐಡಿ ಬಂದರೆ ಮಾತ್ರ ಕಳಿಸಿದ್ದೇನೆ ಎನ್ನು. 403 ಎರರ್ ಬಂದರೆ ಆ ವ್ಯಕ್ತಿ ಬಾಟನ್ನು ಶುರು ಮಾಡಿಲ್ಲ ಅಥವಾ ಬ್ಲಾಕ್ ಮಾಡಿದ್ದಾರೆ. ಮತ್ತೆ ಪ್ರಯತ್ನಿಸದೆ ಬಳಕೆದಾರರಿಗೆ ತಿಳಿಸು. ಟೈಮ್‌ಔಟ್ ಆದರೆ ಮತ್ತೆ ಕಳಿಸಬೇಡ.’

403ರ ಸಾಲನ್ನು ಬಿಡಬೇಡಿ. ಬಾಟ್ ತಾನಾಗಿ ಯಾರ ಜೊತೆಗೂ ಮಾತು ಶುರು ಮಾಡುವಂತಿಲ್ಲ, ಎದುರಿನವರು ಮೊದಲು ಸ್ಟಾರ್ಟ್ ಒತ್ತಿರಬೇಕು. ಇದು ಗೊತ್ತಿಲ್ಲದ ಏಜೆಂಟ್ ಪಠ್ಯವನ್ನು ಬದಲಿಸಿ ಬದಲಿಸಿ ಕಳಿಸಲು ನೋಡುತ್ತದೆ. 429 (ತೀರಾ ಬೇಗ ಬೇಗ ಕಳಿಸುತ್ತಿದ್ದೀರಿ ಎಂಬ ಎರರ್) ಮಾತ್ರ ಏಜೆಂಟಿನವರೆಗೆ ಹೋಗುವುದೇ ಬೇಡ. ಎಷ್ಟು ಸೆಕೆಂಡ್ ಕಾಯಬೇಕೆಂದು ಉತ್ತರದಲ್ಲೇ ಇರುತ್ತದೆ, ಕೋಡ್ ಅಷ್ಟು ಹೊತ್ತು ಕಾದು ಕಳಿಸಲಿ. ಒಂದು ಗ್ರೂಪಿಗೆ ನಿಮಿಷಕ್ಕೆ 20 ಮೆಸೇಜ್ ಎಂಬುದು ಮಿತಿ.

ಫಾರ್ಮ್ಯಾಟಿಂಗ್ ಆಯ್ಕೆಯನ್ನೂ ಏಜೆಂಟಿಗೆ ಬಿಡಬೇಡಿ. ಚಿಹ್ನೆಗಳಿಂದ ಅಕ್ಷರವನ್ನು ದಪ್ಪ, ಓರೆ ಮಾಡುವ ಮಾರ್ಕ್‌ಡೌನ್ ವಿ2ರಲ್ಲಿ 18 ಚಿಹ್ನೆಗಳ ಹಿಂದೆ ಬ್ಯಾಕ್‌ಸ್ಲ್ಯಾಶ್ ಹಾಕಬೇಕು, ಪೂರ್ಣವಿರಾಮವೂ ಅದರಲ್ಲಿ ಒಂದು. ‘ರೂ. 250’ ಎಂದು ಬರೆದರೂ 400 ಎರರ್! ಎಚ್‌ಟಿಎಂಎಲ್ ಆದರೆ ಮೂರು ಚಿಹ್ನೆ ನೋಡಿಕೊಂಡರಾಯಿತು. ದಪ್ಪ ಅಕ್ಷರ ಬೇಡವೇ ಬೇಡ ಎಂದರೆ ಬರಿ ಪಠ್ಯವೇ ವಾಸಿ.

ಕನ್ನಡದಲ್ಲಿ ಕಳಿಸುವವರು ಗಮನಿಸಬೇಕಾದ್ದು: 4096 ಎಂಬುದು ಯೂನಿಕೋಡ್ ಸಂಕೇತಗಳ ಲೆಕ್ಕ. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಸ್ತ್ರೀ’ಯಲ್ಲಿ ಆರು ಸಂಕೇತಗಳಿವೆ. ಉದ್ದದ ಪಠ್ಯವನ್ನು 4096ಕ್ಕೆ ಸರಿಯಾಗಿ ಕತ್ತರಿಸಿದರೆ ಒತ್ತಕ್ಷರ ನಡುವೆ ಮುರಿದು ಮುಂದಿನ ಮೆಸೇಜ್ ಬರೀ ಕಾಗುಣಿತದ ಗುರುತಿನಿಂದ ಶುರುವಾದೀತು. ಪ್ಯಾರಾ ಮುಗಿಯುವಲ್ಲಿ ಕತ್ತರಿಸಿ. ಬಟನ್‌ಗಳಲ್ಲಿ ಇನ್ನೂ ಇಕ್ಕಟ್ಟು: ಬಟನ್ ಒತ್ತಿದಾಗ ಕೋಡಿಗೆ ಬರುವ ಕಾಲ್‌ಬ್ಯಾಕ್ ಡೇಟಾಕ್ಕೆ ಇರುವುದು 64 ಬೈಟ್, ಕನ್ನಡದ ಪ್ರತಿ ಸಂಕೇತ ಮೂರು ಬೈಟ್ ತಿನ್ನುತ್ತದೆ. 21 ಸಂಕೇತಕ್ಕೆ ಜಾಗ ಮುಗಿಯಿತು. ಬಟನ್ ಮೇಲಿನ ಬರಹ ಕನ್ನಡದಲ್ಲಿರಲಿ, ಒಳಗಿನ ಡೇಟಾ ಚಿಕ್ಕ ಸಂಖ್ಯೆಯಾಗಿರಲಿ.

ಟೋಕನ್ (ಬಾಟಿನ ಗುಪ್ತ ಕೀಲಿ) ವಿವರಣೆಯಲ್ಲೂ ಪ್ಯಾರಾಮೀಟರ್‌ನಲ್ಲೂ ಕಾಣಿಸಬಾರದು. ಅದು ಯುಆರ್‌ಎಲ್‌ನ ಭಾಗವಾಗಿರುವುದರಿಂದ ಎರರ್ ಪಠ್ಯವನ್ನು ಹಾಗೇ ದಾಟಿಸಿದರೂ ಸೋರುತ್ತದೆ. ಸೋರಿದ್ದರೆ, ಬಾಟುಗಳನ್ನು ನೋಡಿಕೊಳ್ಳುವ ಟೆಲಿಗ್ರಾಂನದೇ ಬಾಟ್ ಆದ ಬಾಟ್‌ಫಾದರ್‌ನಲ್ಲಿ ರದ್ದು ಮಾಡಿ ಹೊಸದು ಪಡೆಯಿರಿ. ಚಾಟ್ ಐಡಿಯೂ ಅಷ್ಟೇ: ಸೂಪರ್‌ಗ್ರೂಪಿನ ಐಡಿ -100ರಿಂದ ಶುರುವಾಗುವ ಉದ್ದದ ಸಂಖ್ಯೆ, ಏಜೆಂಟ್ ಒಂದು ಅಂಕಿ ತಪ್ಪಿದರೆ ಮೆಸೇಜ್ ಹೋಗುವುದಿಲ್ಲ, ಇಲ್ಲವೇ ಬೇರೆಲ್ಲೋ ಹೋಗುತ್ತದೆ. ‘ಕಚೇರಿ’, ‘ಸ್ಟಾಕ್’ ಎಂಬಂಥ ಹೆಸರುಗಳ ಪಟ್ಟಿಯನ್ನಷ್ಟೇ ಸ್ಕೀಮಾದಲ್ಲಿ ಕೊಟ್ಟು, ಹೆಸರಿಗೆ ಐಡಿ ಹೊಂದಿಸುವುದನ್ನು ಕೋಡಿಗೆ ಬಿಡಿ.

ಬರೆದಾದ ಮೇಲೆ ಹೊಸ ಸೆಷನ್‌ನಲ್ಲಿ ಪರೀಕ್ಷಿಸಿ. ನಿಮ್ಮ ಫೋನಿನಿಂದ ಬಾಟನ್ನು ಬ್ಲಾಕ್ ಮಾಡಿ ನಿಮಗೇ ಮೆಸೇಜ್ ಕಳಿಸಲು ಹೇಳಿ, ಆಮೇಲೆ 5000 ಸಂಕೇತದ ಪಠ್ಯ ಕೊಡಿ, ಕೊನೆಗೆ ಟೈಮ್‌ಔಟನ್ನು ಒಂದು ಸೆಕೆಂಡಿಗಿಂತ ಕಡಿಮೆಗೆ ಇಳಿಸಿ ನೋಡಿ. ಮೂರನೆಯದರಲ್ಲಿ ಏಜೆಂಟ್ ಎರಡನೇ ಸಲ ಟೂಲ್ ಕರೆದರೆ, ಟೈಮ್‌ಔಟ್ ಸಾಲನ್ನು ವಿವರಣೆಯ ಕೊನೆಯಿಂದ ಮೇಲಕ್ಕೆ ತಂದು ಮತ್ತೆ ಪರೀಕ್ಷಿಸಿ.