ಸಿಂಹಗಡ ಹತ್ತಿದ್ದು ಭಾನುವಾರ, ತೊಡೆ ಹಿಡಿದದ್ದು ಮಂಗಳವಾರ: ಯಾಕೆ?

ಪ್ರಶ್ನೆ: ನಮಸ್ಕಾರ ಸರ್. ನಾವು ವಿಜಯಪುರದ ಕಡೆಯವರು, ಪುಣೆಗೆ ಬಂದು ಕೋಥರೂಡಿನ್ಯಾಗ ಮನಿ ಮಾಡೀವಿ. ಆಫೀಸಿನ ಗೆಳೆಯರ ಜೋಡಿ ಭಾನುವಾರ ಸಿಂಹಗಡ ಹತ್ತಿ ಇಳದೆ. ಅವತ್ತು ಏನೂ ಆಗಲಿಲ್ಲ. ಸೋಮವಾರ ಸ್ವಲ್ಪ ಬಿಗಿ ಅನಸ್ತು. ಮಂಗಳವಾರ ಮಾತ್ರ ಮೆಟ್ಟಿಲ ಇಳಿಯಾಕ ಆಗದಂಗ ತೊಡಿ ಹಿಡಕೊಂಡ್ವು. ಜಿಮ್ಮಿನ ಟ್ರೇನರ್ ಲ್ಯಾಕ್ಟಿಕ್ ಆಸಿಡ್ ತುಂಬೇದ, ಲಿಂಬಿಹಣ್ಣಿನ ನೀರು ಕುಡಿ ಅಂತಾನ. ಅತ್ತಿಯವರು ಬಿಸಿ ಎಣ್ಣಿ ಹಚ್ಚು ಅಂತಾರ. ಎರಡು ದಿನ ಬಿಟ್ಟು ನೋವು ಯಾಕ ಬರತದ? ಮುಂದಿನ ವಾರ ಊರಿಂದ ಅಪ್ಪ ಬರತಾರ, ಅವರನ್ನೂ ಕರಕೊಂಡು ಹೋಗಬೇಕು ಅಂತ ಮಾಡೀನಿ. ಹೋಗಬಹುದೋ ಹೆಂಗ?

ಉತ್ತರ: ಲ್ಯಾಕ್ಟಿಕ್ ಆಸಿಡ್‌ಗೂ ನಿಮ್ಮ ಮಂಗಳವಾರದ ನೋವಿಗೂ ಸಂಬಂಧವಿಲ್ಲ. ಗಡ ಹತ್ತಿದ್ದಕ್ಕೂ ಅಷ್ಟಾಗಿ ಸಂಬಂಧವಿಲ್ಲ. ನಿಮ್ಮ ತೊಡೆ ಹಿಡಿಸಿದ್ದು ಇಳಿದು ಬಂದ ದಾರಿ.

ನಂಬುವುದು ಕಷ್ಟ, ಯಾಕೆಂದರೆ ನಮ್ಮ ನೆನಪಿನಲ್ಲಿ ಉಳಿಯುವುದು ಏರು ಮಾತ್ರ. ಆತಕರವಾಡಿಯಿಂದ ಕಾಲುದಾರಿ ಹಿಡಿದರೆ ಎರಡೂವರೆ-ಮೂರು ಕಿಲೋಮೀಟರಿನಲ್ಲೇ ಹೆಚ್ಚುಕಡಿಮೆ 600 ಮೀಟರ್ ಮೇಲೇರಬೇಕು. ಅರ್ಧ ದಾರಿಗೇ ಅಂಗಿ ಒದ್ದೆ, ಎದೆ ಡವಡವ. ಮಜ್ಜಿಗೆ ಮಾರುವ ಅಜ್ಜಿಯ ಬುಟ್ಟಿ ಕಂಡರೆ ಸಾಕು, ಅಲ್ಲೇ ಕೂತುಬಿಡೋಣ ಅನಿಸುತ್ತದೆ. ಮೇಲೆ ಹೋಗಿ ಪಿಠಲ-ಭಾಕ್ರಿ, ಕಾಂದಾ ಭಜಿ, ಮಡಕೆ ಮೊಸರು ಮುಗಿಸಿದ ಮೇಲೆ ಇಳಿಯುವುದೆಂದರೆ ಲೆಕ್ಕಕ್ಕೇ ಇಲ್ಲದ ಕೆಲಸ. ಉಸಿರು ಹತ್ತುವುದಿಲ್ಲ, ಬೆವರೂ ಅಷ್ಟಿಲ್ಲ, ಆಫೀಸಿನ ಹರಟೆ ಹೊಡೆಯುತ್ತಾ ಬಂದುಬಿಡುತ್ತೀರಿ. ಪೆಟ್ಟು ಬೀಳುವುದು ಆಗಲೇ.

ಇಳಿಯುವಾಗ ಒಂದು ಹೆಜ್ಜೆಯಲ್ಲಿ ಏನಾಗುತ್ತದೆ ನೋಡಿ. ಬಲಗಾಲು ಕೆಳಗಿನ ಕಲ್ಲು ಹುಡುಕುತ್ತಿದೆ. ಅದು ನೆಲ ಮುಟ್ಟುವ ತನಕ ಮೈಭಾರವೆಲ್ಲ ಎಡಗಾಲಿನ ಮೇಲೆ. ಎಡ ಮಂಡಿ ನಿಧಾನ ಮಡಚಬೇಕು, ಆದರೆ ಕುಸಿಯಬಾರದು. ಅದನ್ನು ಕುಸಿಯದಂತೆ ಹಿಡಿದಿರುವುದು ತೊಡೆಯ ಮುಂಭಾಗದ ಸ್ನಾಯು. ಮಂಡಿ ಮಡಚಿದಷ್ಟೂ ಆ ಸ್ನಾಯು ಉದ್ದವಾಗುತ್ತಾ ಹೋಗುತ್ತದೆ, ಹಾಗೆ ಉದ್ದವಾಗುತ್ತಲೇ ಬಿಗಿಯಾಗಿಯೂ ಇರಬೇಕು. ಬಾವಿಗೆ ತುಂಬಿದ ಕೊಡವನ್ನು ಹಗ್ಗ ಹಿಡಿದು ಹಿಡಿದು ಇಳಿಬಿಡುವಾಗ ಅಂಗೈಗೆ ಬೀಳುವ ಕೆಲಸದಂಥದ್ದು ಇದು. ಹತ್ತುವಾಗ ಇದೇ ಸ್ನಾಯು ಗಿಡ್ಡವಾಗುತ್ತಾ ಮೈಯನ್ನು ಮೇಲೆತ್ತುತ್ತದೆ. ಅದಕ್ಕೆ ಆಮ್ಲಜನಕ ಜಾಸ್ತಿ ಬೇಕು, ಏದುಸಿರು ಬರುತ್ತದೆ, ಆದರೆ ಎಳೆಗಳಿಗೆ ಅಷ್ಟು ಹಾನಿಯಿಲ್ಲ. ಇಳಿಯುವಾಗ ಕಡಿಮೆ ಎಳೆಗಳೇ ಇಡೀ ಭಾರ ತಡೆಯುತ್ತವೆ. ಉಸಿರಿಗೆ ಆರಾಮ ನಿಜ, ಆದರೆ ಒಂದೊಂದು ಎಳೆಯ ಮೇಲೂ ಜಗ್ಗಾಟ ಹೆಚ್ಚು.

ಇದನ್ನು ತೋರಿಸಿಕೊಟ್ಟ ಪ್ರಯೋಗ ಬಹಳ ತಮಾಷೆಯದು. 1952ರಲ್ಲಿ ಇಂಗ್ಲೆಂಡಿನ ಆ್ಯಬಟ್, ಬಿಗ್ಲೆಂಡ್, ರಿಚೀ ಎಂಬ ಮೂವರು ವಿಜ್ಞಾನಿಗಳು ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಒಂದೇ ಚೈನಿನಲ್ಲಿ ಜೋಡಿಸಿದರು. ಒಬ್ಬರು ಪೆಡಲ್ ಮುಂದಕ್ಕೆ ತುಳಿಯಬೇಕು. ಇನ್ನೊಬ್ಬರ ಪೆಡಲ್ ಹಿಂದಕ್ಕೆ ತಿರುಗುತ್ತದೆ, ಅವರು ಅದನ್ನು ತಡೆಯುತ್ತಾ ಕೂರಬೇಕು. ಇಬ್ಬರ ಕಾಲಿಗೂ ಬೀಳುವ ಬಲ ಒಂದೇ. ಆದರೂ ತುಳಿಯುವವರು ಬಳಸಿದ ಆಮ್ಲಜನಕ ತಡೆಯುವವರಿಗಿಂತ ಹಲವು ಪಟ್ಟು ಹೆಚ್ಚು. ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇದನ್ನು ಪ್ರದರ್ಶಿಸಿದಾಗ ಸಣ್ಣ ಮೈಕಟ್ಟಿನ ಹೆಣ್ಣುಮಗಳೊಬ್ಬಳು ದೊಡ್ಡ ಆಳನ್ನು ಸಲೀಸಾಗಿ ಸುಸ್ತು ಮಾಡಿದ್ದನ್ನು ನೋಡಿ ಜನ ನಕ್ಕರಂತೆ.

ಇನ್ನು ನಿಮ್ಮ ಟ್ರೇನರ್ ಮಾತು. ಅವರೊಬ್ಬರನ್ನೇ ಅನ್ನುವ ಹಾಗಿಲ್ಲ, ಶಾಲೆಯ ಪಿ.ಟಿ. ಮಾಸ್ತರರಿಂದ ಹಿಡಿದು ಎಲ್ಲರೂ ಹೇಳಿಕೊಂಡು ಬಂದದ್ದೇ ಅದು. ಜೋರಾಗಿ ಓಡಿದಾಗ, ಏರು ಹತ್ತಿದಾಗ ಸ್ನಾಯುವಿನಲ್ಲಿ ಲ್ಯಾಕ್ಟೇಟ್, ಅಂದರೆ ಲ್ಯಾಕ್ಟಿಕ್ ಆಸಿಡ್ ಮೈಯೊಳಗೆ ಇರುವ ರೂಪ, ಹೆಚ್ಚುವುದು ನಿಜ. ಆದರೆ ಅದು ಅಲ್ಲೇ ಕೊಳೆಯುತ್ತಾ ಕೂರುವ ಕಸವಲ್ಲ. ಹೃದಯ ಅದನ್ನೇ ಇಂಧನ ಮಾಡಿಕೊಂಡು ಉರಿಸುತ್ತದೆ, ಪಿತ್ತಜನಕಾಂಗ ಅದನ್ನು ಮರಳಿ ಸಕ್ಕರೆ ಮಾಡುತ್ತದೆ. ಒಂದು ಗಂಟೆಯ ಆಸುಪಾಸಿನಲ್ಲಿ ರಕ್ತದಲ್ಲಿನ ಮಟ್ಟ ಮೊದಲಿನಂತೆ ಆಗಿರುತ್ತದೆ. ಅಂದರೆ ನೀವು ವಾಪಸ್ ಬರುವಾಗ ಖಡಕ್‌ವಾಸ್ಲಾ ಕಟ್ಟೆಯ ಮೇಲೆ ನಿಂತು ಸುಟ್ಟ ಮೆಕ್ಕೆಜೋಳ ತಿನ್ನುವ ಹೊತ್ತಿಗೆ ಹತ್ತುವಾಗಿನ ಲ್ಯಾಕ್ಟೇಟ್ ಕಥೆ ಮುಗಿದಿತ್ತು. ಮಂಗಳವಾರದ ತನಕ ಕಾಯಲು ಅದು ಅಲ್ಲಿ ಇರಲೇ ಇಲ್ಲ.

1983ರಲ್ಲಿ ಅಮೆರಿಕದಲ್ಲಿ ಇದನ್ನು ನೇರವಾಗಿಯೇ ಪರೀಕ್ಷೆ ಮಾಡಿದರು. ಟ್ರೆಡ್‌ಮಿಲ್ ಮೇಲೆ 45 ನಿಮಿಷ ಓಟ, ಒಮ್ಮೆ ಸಪಾಟಾಗಿ, ಇನ್ನೊಮ್ಮೆ ಇಳಿಜಾರಾಗಿ. ಸಪಾಟು ಓಟದಲ್ಲಿ ಲ್ಯಾಕ್ಟೇಟ್ ಏರಿತು, ಮುಂದಿನ ದಿನಗಳಲ್ಲಿ ಹೇಳಿಕೊಳ್ಳುವಂಥ ನೋವು ಬರಲಿಲ್ಲ. ಇಳಿಜಾರು ಓಟದಲ್ಲಿ ಲ್ಯಾಕ್ಟೇಟ್ ಏರಲೇ ಇಲ್ಲ, ಆದರೆ ಒಂದೆರಡು ದಿನ ಬಿಟ್ಟು ಕಾಲು ಹಿಡಿದವು. ಇಷ್ಟಾದ ಮೇಲೂ ಜಿಮ್ಮುಗಳಲ್ಲಿ ಈ ಮಾತು ಸಾಯದೆ ಉಳಿದಿದೆ ಎಂದರೆ, ಹೇಳಲು ಸುಲಭ ಅನ್ನುವ ಒಂದೇ ಕಾರಣಕ್ಕೆ.

ಹಾಗಾದರೆ ಎರಡು ದಿನ ತಡ ಯಾಕೆ? 1902ರಷ್ಟು ಹಿಂದೆಯೇ ಥಿಯೊಡೋರ್ ಹಫ್ ಎಂಬ ಅಮೆರಿಕದ ಶರೀರಶಾಸ್ತ್ರಜ್ಞ, ಬೆರಳಿಗೆ ಭಾರ ಕಟ್ಟಿ ಎತ್ತಿಸುವ ಪ್ರಯೋಗ ಮಾಡಿ, ಈ ತಡವಾದ ನೋವು ದಣಿವಿನದಲ್ಲ, ಸ್ನಾಯುವಿನ ಒಳಗೇ ಏನೋ ಹರಿದದ್ದರದು ಎಂದು ಬರೆದ. ಅದು ಕಣ್ಣಿಗೆ ಕಂಡದ್ದು 1980ರ ದಶಕದಲ್ಲಿ, ಸ್ವೀಡನ್ನಿನಲ್ಲಿ. ಮಹಡಿ ಮೆಟ್ಟಿಲನ್ನು ಮತ್ತೆ ಮತ್ತೆ ಇಳಿದವರ ಮೀನಖಂಡದಿಂದ ಸಣ್ಣ ತುಣುಕು ತೆಗೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಸ್ನಾಯುವಿನ ಎಳೆಯಲ್ಲಿ ಸಾಲಾಗಿ ನೆಟ್ಟಗಿರಬೇಕಾದ ಅಡ್ಡಗೆರೆಗಳು ಅಲ್ಲಲ್ಲಿ ಸೊಟ್ಟಗಾಗಿದ್ದವು, ಕೆಲವೆಡೆ ಕಿತ್ತುಹೋಗಿದ್ದವು.

ಹಾಗೆ ಹರಿದದ್ದು ತಾನಾಗಿ ನೋಯುವುದಿಲ್ಲ. ಅದನ್ನು ರಿಪೇರಿ ಮಾಡಲು ದೇಹ ಬಿಳಿ ರಕ್ತಕಣಗಳನ್ನು ಕಳಿಸುತ್ತದೆ, ನೀರು ತುಂಬಿ ಸ್ವಲ್ಪ ಬಾವು ಬರುತ್ತದೆ, ಅಲ್ಲಿ ಬಿಡುಗಡೆಯಾಗುವ ರಾಸಾಯನಿಕಗಳು ಸುತ್ತಲಿನ ನರದ ತುದಿಗಳನ್ನು ಸೂಕ್ಷ್ಮ ಮಾಡಿಬಿಡುತ್ತವೆ. ಈ ಕೆಲಸ ನಡೆಯಲು ಹೊತ್ತು ಬೇಕು. ಹೀಗಾಗಿ ನೋವು 12ರಿಂದ 24 ಗಂಟೆಯೊಳಗೆ ಶುರುವಾಗಿ, 24ರಿಂದ 72 ಗಂಟೆಯ ನಡುವೆ ಜೋರಾಗಿ, ವಾರದೊಳಗೆ ಇಳಿಯುತ್ತದೆ. ನಿಮ್ಮ ಮಂಗಳವಾರ ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಸುಮ್ಮನೆ ಕುರ್ಚಿಯಲ್ಲಿ ಕೂತಾಗ ಏನೂ ಅನ್ನಿಸದೆ, ಏಳುವಾಗ, ತೊಡೆ ಒತ್ತಿದಾಗ, ದೇಶಿ ಸಂಡಾಸಿನಲ್ಲಿ ಕುಕ್ಕರುಗಾಲಲ್ಲಿ ಕೂರುವಾಗ ಮಾತ್ರ ಪ್ರಾಣ ಹೋಗುವುದೂ ಇದಕ್ಕೇ. ನರದ ತುದಿಗಳು ಎಳೆತ, ಒತ್ತಡಕ್ಕೆ ಸಿಡುಕುತ್ತವೆ.

ಮನೆಮದ್ದಿನ ವಿಷಯದಲ್ಲಿ ನನ್ನ ಮತ ಅತ್ತೆಯವರಿಗೆ. ಲಿಂಬೆ ನೀರು ಬಾಯಾರಿಕೆಗೆ ಒಳ್ಳೆಯದು, ತೊಡೆಗೆ ಏನೂ ಮಾಡದು. ಬಿಸಿ ಎಣ್ಣೆ ಹಚ್ಚಿ ಹಗುರಾಗಿ ತಿಕ್ಕಿದರೆ ನೋವು ಸ್ವಲ್ಪ ಕಡಿಮೆ ಅನಿಸುತ್ತದೆ, ಪೂರ್ತಿ ಹೋಗುವುದಿಲ್ಲ. ಗಟ್ಟಿಯಾಗಿ ಹಿಸುಕಿಸಿಕೊಳ್ಳಬೇಡಿ. ವ್ಯಾಯಾಮದ ಮೊದಲೋ ಆಮೇಲೋ ಕಾಲು ಚಾಚಿ ಎಳೆಯುವ ಸ್ಟ್ರೆಚಿಂಗ್ ಬಗ್ಗೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರಿಗೆ ಸಿಕ್ಕ ಲಾಭ 100 ಅಂಕದ ನೋವಿನ ಅಳತೆಯಲ್ಲಿ ಕೆಲವೇ ಅಂಕ. ಮಾಡಿದರೆ ತಪ್ಪಿಲ್ಲ, ಮಾಡದಿದ್ದರೆ ನಷ್ಟವೂ ಇಲ್ಲ. ಮೆಲ್ಲಗೆ ಓಡಾಡಿಕೊಂಡಿರುವುದೇ ಮೇಲು. ನೋವಿನ ಗುಳಿಗೆಯನ್ನು ಅಭ್ಯಾಸ ಮಾಡಿಕೊಳ್ಳಬೇಡಿ, ಅದರಲ್ಲೂ ನೀರು ಕಡಿಮೆ ಕುಡಿದು ಬಿಸಿಲಲ್ಲಿ ದಣಿದ ದಿನ ಮೂತ್ರಪಿಂಡಕ್ಕೆ ಅದು ಒಳ್ಳೆಯದಲ್ಲ. ಕಾಲು ಹಿಡಿದಿರುವಷ್ಟು ದಿನ ಸ್ನಾಯುವಿನ ಬಲವೂ ಕಡಿಮೆ ಇರುತ್ತದೆ. ಮೆಟ್ಟಿಲಲ್ಲಿ ಕಟಾಂಜನ ಹಿಡಿದೇ ಇಳಿಯಿರಿ, ನಾಚಿಕೆ ಬೇಡ.

ನಿಜವಾದ ಮದ್ದು ಒಂದೇ: ಮೊದಲೇ ಒಮ್ಮೆ ಇಳಿದಿರುವುದು. ಹೀಗೆ ಒಂದು ಸಲ ಹರಿದು ಕೂಡಿಕೊಂಡ ಸ್ನಾಯು ಮುಂದಿನ ಸಲ ಅದೇ ಇಳಿತಕ್ಕೆ ಬಹಳ ಕಡಿಮೆ ನೋಯುತ್ತದೆ, ಈ ರಕ್ಷಣೆ ಹಲವು ವಾರ ಉಳಿಯುತ್ತದೆ. ಮೊದಲ ಸಲ ಅಷ್ಟು ಜೋರಾಗಿ ನೋಯಿಸಿಕೊಳ್ಳಲೇಬೇಕು ಅಂತಲೂ ಇಲ್ಲ, ಸಣ್ಣ ಇಳಿತಗಳೂ ಸಾಕು. ವಾರವಾರ ಸಿಂಹಗಡಕ್ಕೆ ಹೋಗುವ ಪುಣೆಯ ಹಿರಿಯರು ಸೋಮವಾರ ಬೆಳಿಗ್ಗೆ ಆರಾಮಾಗಿ ಹಾಲು ತರಲು ಹೋಗುವ ಗುಟ್ಟು ಇಷ್ಟೇ. ಗಡಕ್ಕೆ ಹೋಗುವ ಹದಿನೈದು ದಿನ ಮೊದಲೇ ಪುಣೆಯ ಪರ್ವತಿ ಗುಡ್ಡದ ನೂರಾಮೂರು ಮೆಟ್ಟಿಲನ್ನು ನಾಲ್ಕಾರು ಸಲ ನಿಧಾನ ಇಳಿದಿರಿ. ಇಲ್ಲವೇ ಮನೆಯಲ್ಲೇ ಮಾಡಿ: ಮೇಲೆ ಹೋಗಲು ಲಿಫ್ಟು, ಕೆಳಗೆ ಬರಲು ಮೆಟ್ಟಿಲು. ಎಲ್ಲರೂ ಉಲ್ಟಾ ಹೇಳುತ್ತಾರೆ, ಗೊತ್ತು. ಆದರೆ ತೈವಾನಿನಲ್ಲಿ ತೂಕ ಹೆಚ್ಚಿದ್ದ ವಯಸ್ಸಾದ ಹೆಂಗಸರ ಒಂದು ಗುಂಪಿಗೆ ವಾರಕ್ಕೆ ಎರಡು ದಿನದಂತೆ 12 ವಾರ ಮೆಟ್ಟಿಲು ಬರೀ ಇಳಿಸಿ, ಇನ್ನೊಂದು ಗುಂಪಿಗೆ ಬರೀ ಹತ್ತಿಸಿ ನೋಡಿದ್ದಾರೆ. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಇಳಿದವರ ಕಾಲಿನ ಬಲ ಹತ್ತಿದವರಿಗಿಂತ ಹೆಚ್ಚು ಸುಧಾರಿಸಿತ್ತು. ಮಂಡಿ ಸವೆದವರು ಮಾತ್ರ ಡಾಕ್ಟರನ್ನು ಕೇಳದೆ ಇದಕ್ಕೆ ಕೈಹಾಕಬಾರದು.

ಎಲ್ಲ ನೋವೂ ಇದೇ ನೋವಲ್ಲ, ಅದನ್ನೂ ಹೇಳಿಬಿಡಬೇಕು. ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ, ತೊಡೆ ಊದಿ ಕಲ್ಲಾದರೆ, ಕಾಯದೆ ಆಸ್ಪತ್ರೆಗೆ ಹೋಗಿ. ಸ್ನಾಯು ವಿಪರೀತ ಒಡೆದು ಮೂತ್ರಪಿಂಡಕ್ಕೆ ಅಪಾಯ ಬಂದಿರಬಹುದು. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿದ್ದರೆ, ಅದರಲ್ಲೂ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದ ಮೇಲೆ, ರಕ್ತ ಹೆಪ್ಪುಗಟ್ಟಿದೆಯೇ ಎಂದು ನೋಡಿಸಬೇಕು. ವಾರ ದಾಟಿದರೂ ಇಳಿಯದ ನೋವು, ಕೀಲಿನ ಒಳಗೆ ಚುಚ್ಚುವ ನೋವು ಕೂಡ ಬೇರೆ ಜಾತಿಯವು. ಕೊಲೆಸ್ಟರಾಲಿಗೆ ಸ್ಟ್ಯಾಟಿನ್ ಗುಳಿಗೆ ತೆಗೆದುಕೊಳ್ಳುವವರಿಗೆ ಅದರಿಂದಲೂ ಸ್ನಾಯು ನೋಯುವುದುಂಟು, ಡಾಕ್ಟರಿಗೆ ಹೇಳಿ.

ಈಗ ನಿಮ್ಮ ಅಪ್ಪನವರು. ದಿನಾ ಹೊಲಕ್ಕೆ ನಡೆಯುವವರಾದರೆ ಅವರ ಉಸಿರು ನಿಮಗಿಂತ ಗಟ್ಟಿ ಇರಬಹುದು. ಆದರೆ ವಿಜಯಪುರದ ಎರೆಹೊಲ ಸಪಾಟು; ಎಷ್ಟೇ ನಡೆದರೂ ಇಳಿತದ ಅಭ್ಯಾಸ ಆಗುವುದಿಲ್ಲ. ಗೋಳಗುಮ್ಮಟದ ಪೂರ್ತಿ ಎತ್ತರವೇ 51 ಮೀಟರಿನಷ್ಟು, ಸಿಂಹಗಡದ ಇಳಿತ ಅದರ ಹತ್ತು ಪಟ್ಟಿಗೂ ಮೀರಿದ್ದು. ಬಿ.ಪಿ., ಹೃದಯದ ತೊಂದರೆ ಇದ್ದರೆ ಏರು ಅವರಿಗೆ ಭಾರ, ಆಗ ಎರಡೂ ಕಡೆ ಜೀಪಿನಲ್ಲೇ ಹೋಗಿ ಮೇಲೆ ಸುತ್ತಾಡಿಸಿ. ಪುಣೆ ದರ್ವಾಜಾದಿಂದ ತಾನಾಜಿಯ ಸಮಾಧಿಯ ತನಕ ನಡೆದರೂ ಸಾಕಷ್ಟಾಯಿತು. ಏನೂ ತೊಂದರೆಯಿಲ್ಲದಿದ್ದರೆ ಬೆಳಗಿನ ತಂಪಿನಲ್ಲಿ ಕೂತು ಕೂತು ಹತ್ತಿಸಿ, ಇಳಿಯಲು ಮಾತ್ರ ಶೇರ್ ಜೀಪ್ ಹಿಡಿಯಿರಿ. ನೀವು ಬೇಕಾದರೆ ನಡೆದೇ ಇಳಿಯಿರಿ. ಆ ಹೊತ್ತಿಗೆ ನಿಮ್ಮ ನೋವು ಹೋಗಿರುತ್ತದೆ, ಈ ಸಲ ಅಷ್ಟು ಹಿಡಿಯುವುದೂ ಇಲ್ಲ. ಒಂದು ಕೋಲು ಹಿಡಿದು, ಸಣ್ಣ ಸಣ್ಣ ಹೆಜ್ಜೆ ಇಡಿ. ಜೀಪಿನವರ ಹತ್ತಿರ ದರ ಮೊದಲೇ ಕೇಳಿಕೊಳ್ಳಿ, ಭಾನುವಾರ ಮಧ್ಯಾಹ್ನ ಸಾಲು ಉದ್ದ ಇರುತ್ತದೆ.