ನ್ಯೂಕ್ಯಾಸಲ್ ಈಗಲ್ಸ್: ಅಂಕಣದ ಜಾಡು ಹಿಡಿದು ಕ್ಲಬ್ಬಿನ ಚರಿತ್ರೆ ಓದುವುದು

ಇಂಗ್ಲೆಂಡಿನ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಕ್ಲಬ್ಬುಗಳ ಚರಿತ್ರೆ ಓದಲು ಕೂತವರ ತಲೆ ಮೊದಲು ಕೆಡುವುದು ಹೆಸರುಗಳಿಂದ. ಒಂದೇ ಕ್ಲಬ್ಬು ಇಪ್ಪತ್ತು ವರ್ಷದಲ್ಲಿ ಐದಾರು ಹೆಸರು ಬದಲಿಸಿರುತ್ತದೆ, ಕೆಲವೊಮ್ಮೆ ಊರನ್ನೇ ಬದಲಿಸಿರುತ್ತದೆ. ಹೆಸರುಗಳನ್ನು ಬಾಯಿಪಾಠ ಮಾಡಿದರೆ ಏನೂ ಹತ್ತುವುದಿಲ್ಲ. ಕ್ಲಬ್ಬು ಯಾವ ಕಾಲದಲ್ಲಿ ಯಾವ ಹಾಲ್‌ನಲ್ಲಿ ಆಡಿತು, ಆ ಹಾಲ್ ಯಾರದ್ದಾಗಿತ್ತು ಎಂಬ ಎರಡು ಪ್ರಶ್ನೆ ಇಟ್ಟುಕೊಂಡು ಓದಿ; ಮಾಲೀಕರು, ಹಣ, ಗೆಲುವು, ಸೋಲು ತಾವಾಗಿಯೇ ಜೋಡಿಕೊಳ್ಳುತ್ತವೆ. ನ್ಯೂಕ್ಯಾಸಲ್ ಈಗಲ್ಸ್ ಇದಕ್ಕೆ ಒಳ್ಳೆಯ ಉದಾಹರಣೆ, ಏಕೆಂದರೆ ಊರ ಕ್ರೀಡಾಕೇಂದ್ರ, ಖಾಸಗಿ ಅರೀನಾ, ವಿಶ್ವವಿದ್ಯಾಲಯದ ಹಾಲ್, ಕೊನೆಗೆ ಸ್ವಂತ ಕಟ್ಟಡ ಎಂಬ ನಾಲ್ಕೂ ಘಟ್ಟಗಳನ್ನು ಅದು ದಾಟಿದೆ.

ಮೊದಲು ಲೀಗ್ ಅರ್ಥವಾಗಲಿ

ಇಂಗ್ಲೆಂಡಿನಲ್ಲಿ ರಾಷ್ಟ್ರೀಯ ಲೀಗ್ ಶುರುವಾದದ್ದು 1972ರಲ್ಲಿ. ಕ್ಲಬ್ಬುಗಳೇ ಸೇರಿ ನಡೆಸುವ ಬ್ರಿಟಿಷ್ ಬ್ಯಾಸ್ಕೆಟ್‌ಬಾಲ್ ಲೀಗ್, ಅಂದರೆ ಬಿಬಿಎಲ್, ಬಂದದ್ದು 1987ರಲ್ಲಿ. ಇಂಗ್ಲಿಷ್ ಫುಟ್‌ಬಾಲ್‌ನಲ್ಲಿ ಕೊನೆಯ ಸ್ಥಾನದವರು ಕೆಳಗಿನ ದರ್ಜೆಗೆ ಇಳಿಯುತ್ತಾರೆ, ಕೆಳಗಿನವರು ಮೇಲೇರುತ್ತಾರೆ. ಬಿಬಿಎಲ್‌ನಲ್ಲಿ ಆ ಏರಿಳಿತ ಇರಲಿಲ್ಲ. ಅದು ಫ್ರಾಂಚೈಸಿ ಲೀಗ್. ಸೋತರೆ ಸ್ಥಾನ ಹೋಗುವುದಿಲ್ಲ, ಆದರೆ ಹಣವೋ ಆಡುವ ಹಾಲ್ ಆಗಲಿ ಕೈತಪ್ಪಿದರೆ ಕ್ಲಬ್ಬೇ ಹೋಗುತ್ತದೆ.

ಒಂದು ಸೀಸನ್‌ನಲ್ಲಿ ನಾಲ್ಕು ಪ್ರಶಸ್ತಿ ಇರುತ್ತಿದ್ದವು. ಲೀಗ್ ಪಟ್ಟಿಯಲ್ಲಿ ಮೊದಲು ಬಂದವರಿಗೆ ಚಾಂಪಿಯನ್‌ಶಿಪ್. ನಾಕೌಟ್ ಆಗಿ ನಡೆಯುವ ಕಪ್. ಅನೇಕ ವರ್ಷ ಗುಂಪು ಹಂತದಿಂದ ಆರಂಭವಾಗುತ್ತಿದ್ದ ಟ್ರೋಫಿ. ಸೀಸನ್ ಕೊನೆಗೆ ಅಗ್ರ ಎಂಟು ತಂಡಗಳ ಪ್ಲೇಆಫ್.

ಹೆಚ್ಚಿನವರು ಎಡವುವುದು ಇಲ್ಲೇ. ನಮಗೆ ಐಪಿಎಲ್ ನೋಡಿ ಅಭ್ಯಾಸ. ಫೈನಲ್ ಗೆದ್ದವರೇ ಚಾಂಪಿಯನ್ ಎಂದು ತಲೆಯಲ್ಲಿ ಕೂತಿದೆ. 2025ರಲ್ಲಿ ಪಟ್ಟಿಯಲ್ಲಿ ಮೊದಲಿದ್ದದ್ದು ಪಂಜಾಬ್, ಫೈನಲ್ ಗೆದ್ದದ್ದು ಆರ್‌ಸಿಬಿ. ಬಿಬಿಎಲ್ ಲೆಕ್ಕದಲ್ಲಾದರೆ ಆ ವರ್ಷದ ಲೀಗ್ ಚಾಂಪಿಯನ್ ಪಂಜಾಬ್, ಆರ್‌ಸಿಬಿ ಬರೀ ಪ್ಲೇಆಫ್ ವಿಜೇತ. (ಬೆಂಗಳೂರಿನಲ್ಲಿ ಈ ಮಾತು ಮೆಲ್ಲಗೆ ಆಡುವುದು ಕ್ಷೇಮ.) ಈಗಲ್ಸ್ ಚರಿತ್ರೆಯಲ್ಲಿ ಈ ವ್ಯತ್ಯಾಸ ಬೆನ್ನುಬೆನ್ನಿಗೆ ಎರಡು ಸಲ ಕಾಣುತ್ತದೆ: 2006-07ರಲ್ಲಿ ಲೀಗ್ ಗಿಲ್ಡ್‌ಫರ್ಡ್ ಹೀಟ್‌ಗೆ, ಪ್ಲೇಆಫ್ ಈಗಲ್ಸ್‌ಗೆ, ಮರುವರ್ಷ ಅದಲುಬದಲು, ಲೀಗ್ ಈಗಲ್ಸ್‌ಗೆ, ಪ್ಲೇಆಫ್ ಗಿಲ್ಡ್‌ಫರ್ಡ್‌ಗೆ. ಪ್ರಶಸ್ತಿ ಎಣಿಸುವಾಗ ಎರಡನ್ನೂ ಒಂದೇ ಕಾಲಂನಲ್ಲಿ ಹಾಕಿದರೆ ಲೆಕ್ಕ ತಪ್ಪಿತೆಂದೇ ಅರ್ಥ.

ಇನ್ನೊಂದು ಎಚ್ಚರಿಕೆ ಕಪ್ ಬಗ್ಗೆ. 2003ರವರೆಗೆ ಬಿಬಿಎಲ್ ಕ್ಲಬ್ಬುಗಳು ಆಡುತ್ತಿದ್ದದ್ದು ಇಂಗ್ಲೆಂಡಿನ ನ್ಯಾಷನಲ್ ಕಪ್‌ನಲ್ಲಿ. ಆಮೇಲೆ ಅಲ್ಲಿಂದ ಹೊರಬಂದು ತಮ್ಮದೇ ಬಿಬಿಎಲ್ ಕಪ್ ಆರಂಭಿಸಿದವು. ಹಳೆಯ ಕಪ್ಪನ್ನೂ ಹೊಸ ಕಪ್ಪನ್ನೂ ಬೇರೆಯಾಗಿಯೇ ಬರೆದುಕೊಳ್ಳಿ.

ಸಂಡರ್‌ಲೆಂಡ್ ಕಾಲ

ಕ್ಲಬ್ಬು ಹುಟ್ಟಿದ್ದು 1976ರಲ್ಲಿ, ನ್ಯೂಕ್ಯಾಸಲ್‌ನಲ್ಲಲ್ಲ, ಸಂಡರ್‌ಲೆಂಡ್‌ನಲ್ಲಿ. ಮೊದಲ ಹೆಸರು ಇಪಿಎಬಿ ಸಂಡರ್‌ಲೆಂಡ್. ಮುಂದೆ ಮೇಸ್ಟ್ರೋಸ್, ಸೇಂಟ್ಸ್, 76ಅರ್ಸ್, ಕೊನೆಗೆ ಸ್ಕಾರ್ಪಿಯನ್ಸ್ ಎಂದೆಲ್ಲ ಆಯಿತು. ಆ ಕಾಲದ ಇಂಗ್ಲಿಷ್ ಬ್ಯಾಸ್ಕೆಟ್‌ಬಾಲ್‌ನಲ್ಲಿ ಪ್ರಾಯೋಜಕ ಬದಲಾದರೆ ಹೆಸರೂ ಬದಲಾಗುವುದು ಸಾಮಾನ್ಯ. ಹೊಸ ಹೆಸರು ಕಂಡ ಕೂಡಲೇ ಹೊಸ ಕ್ಲಬ್ಬು ಎಂದುಕೊಳ್ಳಬೇಡಿ; ಹಾಲ್ ಅದೇ ಇದೆಯೇ ನೋಡಿ. ಇಲ್ಲಿ ಹಾಲ್ ಎಂದರೆ ಕ್ರೌಟ್ರೀ ಲೀಷರ್ ಸೆಂಟರ್. 1970ರ ದಶಕದ ಕೊನೆಯಲ್ಲಿ ಸಂಡರ್‌ಲೆಂಡ್ ನಡುಪೇಟೆಯಲ್ಲಿ ತೆರೆದ ಈ ಸಾರ್ವಜನಿಕ ಕ್ರೀಡಾಕೇಂದ್ರದಲ್ಲಿ ಈಜುಕೊಳ, ಐಸ್ ರಿಂಕ್ ಎಲ್ಲ ಇದ್ದವು.

ಇಂಥ ಜಾಗದ ಅನುಕೂಲ ಕಡಿಮೆ ಬಾಡಿಗೆ. ಮಿತಿ ಮೂರು: ಸೀಟು ಸಾಲದು, ಜಾಹೀರಾತು, ಕ್ಯಾಂಟೀನುಗಳ ಆದಾಯ ಕ್ಲಬ್ಬಿನ ಕೈಗೆ ಬರುವುದಿಲ್ಲ, ನೆಲದ ಮೇಲೆ ಬ್ಯಾಡ್ಮಿಂಟನ್, ನೆಟ್‌ಬಾಲ್, ವಾಲಿಬಾಲ್ ಗೆರೆಗಳ ಜಾತ್ರೆ. ಬ್ಯಾಸ್ಕೆಟ್‌ಬಾಲ್ ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ; ಮೇಲೆ ಕನಿಷ್ಠ 7 ಮೀಟರ್ ಅಡೆತಡೆ ಇರಬಾರದು. ಬೇರೆ ಆಟದ ಗೆರೆಗಳಿದ್ದರೆ ಅವು ಸ್ಪಷ್ಟವಾಗಿ ಬೇರೆ ಬಣ್ಣದಲ್ಲಿರಬೇಕು. ಇಲ್ಲದಿದ್ದರೆ ಮೂರು ಅಂಕದ ಗೆರೆಯ ಮೇಲೆ ಕಾಲಿತ್ತೇ ಇಲ್ಲವೇ ಎಂದು ಪ್ರತಿ ಸಲ ವಾದ.

1995: ಹದಿನೆಂಟಿಪ್ಪತ್ತು ಕಿಲೋಮೀಟರ್, ದೊಡ್ಡ ದೂರ

ನಕ್ಷೆಯಲ್ಲಿ ಸಂಡರ್‌ಲೆಂಡ್ ಮತ್ತು ನ್ಯೂಕ್ಯಾಸಲ್ ಪಕ್ಕದ ಊರುಗಳು. ಫುಟ್‌ಬಾಲ್ ವೈರ ಎಷ್ಟೆಂದರೆ ಅಲ್ಲಿಂದ ಇಲ್ಲಿಗೆ ಒಂದು ತಂಡ ಬರುವುದು ಬರೀ ವಿಳಾಸ ಬದಲಾವಣೆಯಾಗಿ ಉಳಿಯುವುದಿಲ್ಲ. ಆದರೂ 1995ರಲ್ಲಿ ಬಂತು, ಏಕೆಂದರೆ ಟೈನ್ ನದಿಯ ಪಕ್ಕ ಹೊಸ ನ್ಯೂಕ್ಯಾಸಲ್ ಅರೀನಾ ಆ ವರ್ಷವೇ ತೆರೆಯಿತು. ಅದನ್ನು ಕಟ್ಟಿಸಿದವರಲ್ಲಿ ಒಬ್ಬರು ಚಾಸ್ ಚಾಂಡ್ಲರ್, ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್‌ನ ಮ್ಯಾನೇಜರ್ ಆಗಿದ್ದವರು. ಸಂಗೀತ ಕಾರ್ಯಕ್ರಮಕ್ಕೇ ಮೊದಲ ಮಣೆ ಹಾಕಿದ ಕಟ್ಟಡ ಎಂಬುದು ಅಲ್ಲೇ ಗೊತ್ತಾಗುತ್ತದೆ. ಮೊದಲ ಸೀಸನ್‌ನಲ್ಲಿ ತಂಡದ ಹೆಸರು ನ್ಯೂಕ್ಯಾಸಲ್ ಕಾಮೆಟ್ಸ್.

1996ರಲ್ಲಿ ಕ್ಲಬ್ಬು ಉದ್ಯಮಿ ಸರ್ ಜಾನ್ ಹಾಲ್ ಅವರ ಕೈಗೆ ಹೋಗಿ ಈಗಲ್ಸ್ ಆಯಿತು. ಗೇಟ್ಸ್‌ಹೆಡ್‌ನ ಮೆಟ್ರೋಸೆಂಟರ್ ಮಾಲ್ ಕಟ್ಟಿಸಿದ, ನ್ಯೂಕ್ಯಾಸಲ್ ಯುನೈಟೆಡ್ ಫುಟ್‌ಬಾಲ್ ಕ್ಲಬ್ಬಿನ ಮುಖ್ಯಸ್ಥರಾಗಿದ್ದ ಅವರು, ಬಾರ್ಸಿಲೋನಾದಂತೆ ಒಂದೇ ಸೂರಿನಡಿ ಹಲವು ಆಟಗಳ ಕ್ಲಬ್ಬು ಕಟ್ಟಲು ಹೊರಟಿದ್ದರು. ಫುಟ್‌ಬಾಲ್ ಜೊತೆಗೆ ರಗ್ಬಿಯ ಫಾಲ್ಕನ್ಸ್, ಐಸ್ ಹಾಕಿಯ ಕೋಬ್ರಾಸ್, ಬ್ಯಾಸ್ಕೆಟ್‌ಬಾಲ್‌ನ ಈಗಲ್ಸ್. ಯೋಜನೆ ಆ ದಶಕ ಮುಗಿಯುವಷ್ಟರಲ್ಲಿ ಕರಗಿತು. ಬಾರ್ಸಿಲೋನಾದ ಕ್ಲಬ್ಬು ಸದಸ್ಯರದ್ದು. ಇಲ್ಲಿ ಎಲ್ಲವೂ ಒಂದು ಜೇಬಿನ ಮೇಲೆ ನಿಂತಿತ್ತು. ಆ ಜೇಬು ಹಿಂದೆ ಸರಿದಾಗ ಸಣ್ಣ ಆಟಗಳು ತಮ್ಮ ದಾರಿ ತಾವು ನೋಡಿಕೊಳ್ಳಬೇಕಾಯಿತು. ಈಗಲ್ಸ್‌ಗೆ ಆಗ ಸಿಕ್ಕವರು ಪಾಲ್ ಬ್ಲೇಕ್. ಮುಂದಿನ ಎರಡು ದಶಕ ಕ್ಲಬ್ಬಿನ ಆಡಳಿತ ನಡೆಸಿದ್ದು ಅವರೇ.

ಐಸ್ ಮೇಲೆ ಮರದ ನೆಲ

ಐಸ್ ಹಾಕಿಯ ಕೋಬ್ರಾಸ್ ಅಂದೆವಲ್ಲ, ಅವರ ಆಟವೂ ಇದೇ ಅರೀನಾದಲ್ಲಿ; ಅದರ ತಾಂತ್ರಿಕ ಪರಿಣಾಮ ತಿಳಿದಿರಲಿ. ಇಂಥ ಕಟ್ಟಡದಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕಾಗಿ ಐಸ್ ಕರಗಿಸುವುದಿಲ್ಲ. ಮತ್ತೆ ಹೆಪ್ಪುಗಟ್ಟಿಸಲು ದಿನಗಳೇ ಬೇಕು. ಐಸ್ ಮೇಲೆ ಶಾಖ ತಡೆಯುವ ಹಲಗೆ ಹಾಸಿ, ಅದರ ಮೇಲೆ ಮರದ ಅಂಕಣದ ತುಂಡುಗಳನ್ನು ಒಂದಕ್ಕೊಂದು ಕೂಡಿಸಿ ಬಿಗಿಯುತ್ತಾರೆ. ಆಮೇಲೆ ಚಕ್ರದ ಮೇಲಿನ ಬ್ಯಾಸ್ಕೆಟ್ ಕಂಬಗಳನ್ನು ತಂದು ಭಾರ ಇಟ್ಟು ನಿಲ್ಲಿಸುತ್ತಾರೆ.

ಕೆಡುವುದು ಎರಡು ಕಡೆ. ಜನ ತುಂಬಿದಾಗ ಗಾಳಿ ಬಿಸಿಯಾಗಿ ತೇವವಾಗುತ್ತದೆ. ಹಲಗೆಗಳ ಸಂದಿನಿಂದ ತಣ್ಣನೆಯ ಗಾಳಿ ಮೇಲೆ ಬಂದರೆ ಮರದ ಮೇಲೆ ಸಣ್ಣ ನೀರಹನಿ ಕಟ್ಟುತ್ತವೆ. ಕಣ್ಣಿಗೆ ಕಾಣುವ ಮೊದಲು ಶೂಗೆ ಗೊತ್ತಾಗುತ್ತದೆ: ಓಡುತ್ತ ಗಕ್ಕನೆ ನಿಲ್ಲುವ ಗಾರ್ಡ್ (ಚೆಂಡು ಮುನ್ನಡೆಸುವ ಆಟಗಾರ) ಜಾರುತ್ತಾನೆ. ಒರೆಸಿದರೂ ನಿಲ್ಲದಿದ್ದರೆ ಪಂದ್ಯ ರದ್ದು ಮಾಡದೆ ದಾರಿಯಿಲ್ಲ. ಎರಡನೆಯದು ಮಟ್ಟ. ಕೆಳಗಿನ ಪದರ ಸಮವಾಗಿ ಕೂರದಿದ್ದರೆ ಅಲ್ಲಿ ಚೆಂಡು ಸತ್ತಂತೆ ಪುಟಿಯುತ್ತದೆ. ರಿಂಗ್ ಎತ್ತರ ನೆಲದಿಂದ 3.05 ಮೀಟರ್ ಇರಬೇಕಾದ್ದರಿಂದ, ನೆಲ ಹಾಸಿದ ಮೇಲೆಯೇ ಅಳೆಯಬೇಕು, ಮೊದಲಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಕ್ಯಾಲೆಂಡರ್. ವಾರಾಂತ್ಯದ ಸಂಜೆ ಸಂಗೀತಕ್ಕೆ ಹೋಗುತ್ತದೆ, ಉಳಿದ ದಿನ ಬಾಡಿಗೆದಾರರಿಗೆ. ಸಾವಿರಾರು ಸೀಟಿನ ಹಾಲ್‌ನಲ್ಲಿ ಎರಡು ಸಾವಿರ ಜನ ಕೂತರೆ ಖಾಲಿ ಹೊಡೆಯುತ್ತದೆ. ಅದೇ ಎರಡು ಸಾವಿರ ಮೂರು ಸಾವಿರದ ಹಾಲ್‌ನಲ್ಲಿ ಗಲಾಟೆ ಎಬ್ಬಿಸುತ್ತದೆ. 2010ರಲ್ಲಿ ಈಗಲ್ಸ್ ನಾರ್ತಂಬ್ರಿಯಾ ವಿಶ್ವವಿದ್ಯಾಲಯದ ಹೊಸ ಸ್ಪೋರ್ಟ್ ಸೆಂಟ್ರಲ್‌ಗೆ ಹೋದದ್ದನ್ನು ಕೆಲವರು ಹಿಂಜರಿತ ಎಂದು ಬರೆಯುತ್ತಾರೆ. ಒಪ್ಪಲು ಕಷ್ಟ. ಸುಮಾರು 3,000 ಸೀಟಿನ ಆ ಹಾಲ್ ತಂಡದ ನಿಜವಾದ ಅಳತೆಗೆ ತಕ್ಕದ್ದಾಗಿತ್ತು.

ಫ್ಲೂರ್ನಾಯ್ ಮತ್ತು ಗೆಲುವಿನ ದಶಕ

ನ್ಯೂಯಾರ್ಕಿನ ಬ್ರಾಂಕ್ಸ್‌ನಿಂದ ಬಂದ ಫ್ಯಾಬ್ಯುಲಸ್ ಫ್ಲೂರ್ನಾಯ್, 2000ರ ದಶಕದ ಆರಂಭದಿಂದ 2019ರವರೆಗೆ ಈಗಲ್ಸ್ ಕೋಚ್. ಬಹುಪಾಲು ವರ್ಷ ಆಡುತ್ತಲೇ ಕೋಚ್ ಆಗಿದ್ದರು, ಮುಂದೆ ಕ್ಲಬ್ಬಿನಲ್ಲಿ ಪಾಲುದಾರರೂ ಆದರು. ಅಂಕ ಗಳಿಕೆಗಿಂತ ಎದುರಾಳಿಯನ್ನು ತಡೆಯುವುದಕ್ಕೆ ಹೆಸರಾದವರು. ಆಟಗಾರ-ಕೋಚ್ ಪದ್ಧತಿಯಲ್ಲಿ ಸಣ್ಣ ಕ್ಲಬ್ಬಿಗೆ ಒಂದು ಸಂಬಳದಲ್ಲಿ ಎರಡು ಕೆಲಸ ಆಗುತ್ತದೆ. ತೊಂದರೆ ಏನೆಂದರೆ, ಅವರು ಅಂಕಣದೊಳಗಿದ್ದಾಗ ಟೈಮ್‌ಔಟ್ ಕೇಳಲು, ದಣಿದವರನ್ನು ಸಮಯಕ್ಕೆ ಬದಲಿಸಲು ಬೆಂಚಿನ ಮೇಲೆ ನಂಬಿಕಸ್ಥ ಸಹಾಯಕ ಕೋಚ್ ಇರಲೇಬೇಕು. ಸ್ವತಃ ನಾಲ್ಕು ಫೌಲ್ ಮಾಡಿಕೊಂಡು ಹೊರಬೀಳುವ ಅಂಚಿನಲ್ಲಿರುವವರು ತಮ್ಮನ್ನು ತಾವೇ ಕೂರಿಸಿಕೊಳ್ಳುವುದು ಸುಲಭವಲ್ಲ.

2005ರಲ್ಲಿ ಪ್ಲೇಆಫ್ ಗೆದ್ದ ಈಗಲ್ಸ್, 2005-06ರಲ್ಲಿ ನಾಲ್ಕೂ ಪ್ರಶಸ್ತಿ ಎತ್ತಿತು. ಅದೇ ಸಾಧನೆ ಮತ್ತೆ 2011-12ರಲ್ಲಿ, 2014-15ರಲ್ಲಿ. ಲೀಗ್ ಚಾಂಪಿಯನ್‌ಶಿಪ್ ಒಟ್ಟು ಏಳು: 2005-06, 2007-08, 2008-09, 2009-10, 2011-12, 2013-14, 2014-15. ನಾಲ್ಕನ್ನೂ ಒಂದೇ ವರ್ಷ ಗೆಲ್ಲುವುದು ಏಕೆ ಕಷ್ಟ? ಲೀಗ್‌ಗೆ ತಿಂಗಳುಗಟ್ಟಲೆ ಸ್ಥಿರತೆ ಬೇಕು, ಹತ್ತು ಜನರ ಬೆಂಚ್ ಬೇಕು. ನಾಕೌಟ್‌ನಲ್ಲಿ ಒಂದು ಕೆಟ್ಟ ರಾತ್ರಿ ಸಾಕು, ಮನೆಗೆ. ಈಗಲ್ಸ್ ಬಲ ಇದ್ದದ್ದು ತಂಡವನ್ನು ಪೂರಾ ಒಡೆಯದೇ ಇದ್ದುದರಲ್ಲಿ. ಈ ಲೀಗ್‌ನಲ್ಲಿ ಅಮೆರಿಕನ್ ಆಟಗಾರರು ಒಂದು ವರ್ಷ ಆಡಿ ಹೋಗುವುದು ರೂಢಿ. ಇಲ್ಲಿ ಅಮೆರಿಕದ ಚಾರ್ಲ್ಸ್ ಸ್ಮಿತ್, ಬ್ರಿಟನ್ನಿನವರೇ ಆದ ಡೇರಿಯಸ್ ಡಿಫೋ ಅಂಥವರು ವರ್ಷಗಟ್ಟಲೆ ಉಳಿದರು.

ಪ್ಲೇಆಫ್‌ನ ಎರಡು ಪಂದ್ಯದ ಲೆಕ್ಕ ತಿಳಿದಿರಬೇಕಾದದ್ದು. 2010ರ ದಶಕದಲ್ಲಿ ಕ್ವಾರ್ಟರ್, ಸೆಮಿ ಹಂತಗಳು ತವರಿನಲ್ಲಿ ಒಂದು, ಎದುರಾಳಿ ಅಂಕಣದಲ್ಲಿ ಒಂದು ಎಂದು ನಡೆದು, ಎರಡರ ಅಂಕ ಕೂಡಿಸುತ್ತಿದ್ದರು. ‘ಅ’ ತಂಡ ಮೊದಲ ಪಂದ್ಯವನ್ನು 78-84ರಲ್ಲಿ ಸೋತಿತು ಎನ್ನಿ. ಎರಡನೆಯದನ್ನು 7 ಅಂಕದಿಂದ ಗೆದ್ದರೆ ಮುಂದಿನ ಸುತ್ತಿಗೆ. ಸರಿಯಾಗಿ 6ರಿಂದ ಗೆದ್ದರೆ ಐದು ನಿಮಿಷದ ಹೆಚ್ಚುವರಿ ಆಟ. ಮೊದಲ ಪಂದ್ಯ 80-80 ಆದರೆ? ಹಾಗೇ ಬಿಡುತ್ತಾರೆ, ಹೆಚ್ಚುವರಿ ಆಟವಿಲ್ಲ. ಆದ್ದರಿಂದ ಮೊದಲ ಪಂದ್ಯದ ಕೊನೆಯ ನಿಮಿಷದ ತಂತ್ರ ತಲೆಕೆಳಗು. ಮಾಮೂಲಿ ಪಂದ್ಯದಲ್ಲಿ ಎರಡು ಅಂಕ ಹಿಂದಿದ್ದವರು ಬೇಕೆಂದೇ ಫೌಲ್ ಮಾಡಿ ಗಡಿಯಾರ ನಿಲ್ಲಿಸುತ್ತಾರೆ. ಇಲ್ಲಿ ಹಾಗೆ ಮಾಡಿದರೆ ಎದುರಾಳಿಗೆ ಫ್ರೀ ಥ್ರೋ ಸಿಕ್ಕಿ ಎರಡರ ಅಂತರ ಆರಾಗಬಹುದು. ಎರಡರಿಂದಲೇ ಸೋತು ಬಸ್ ಹತ್ತುವುದು ಜಾಣತನ.

2019ರಲ್ಲಿ ಫ್ಲೂರ್ನಾಯ್ ಉತ್ತರ ಅಮೆರಿಕದ ಎನ್‌ಬಿಎ ಲೀಗಿನ ಟೊರಾಂಟೊ ರಾಪ್ಟರ್ಸ್ ಕೋಚಿಂಗ್ ಬಳಗ ಸೇರಿದರು. ಆಗ ಅಲ್ಲಿ ಮುಖ್ಯ ಕೋಚ್ ಆಗಿದ್ದವರು ನಿಕ್ ನರ್ಸ್. ಅವರೂ ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲಂಡನ್, ಬ್ರೈಟನ್ ತಂಡಗಳಲ್ಲಿ ಬಿಬಿಎಲ್ ಕೋಚ್ ಆಗಿ ಪಳಗಿದವರು. ಫ್ಲೂರ್ನಾಯ್ ಹೋದ ಮೇಲೆ 2021ರಲ್ಲಿ ಈಗಲ್ಸ್ ಮತ್ತೆ ಪ್ಲೇಆಫ್ ಗೆದ್ದಿತು.

ಸ್ವಂತ ಅಂಕಣ

2019ರ ಜನವರಿಯಲ್ಲಿ ಊರಿನ ಪಶ್ಚಿಮಕ್ಕೆ, ಸ್ಕಾಟ್ಸ್‌ವುಡ್ ರಸ್ತೆಯಲ್ಲಿ ಈಗಲ್ಸ್ ಕಮ್ಯುನಿಟಿ ಅರೀನಾ ತೆರೆಯಿತು. ಪ್ರಾಯೋಜಕರಿಂದಾಗಿ ಮುಂದೆ ವರ್ಟು ಮೋಟರ್ಸ್ ಅರೀನಾ. ಹೆಸರಿನ ‘ಕಮ್ಯುನಿಟಿ’ ಅಲಂಕಾರಕ್ಕಲ್ಲ. ಶಾಲೆಗಳಿಗೆ ಹೋಗಿ ಮಕ್ಕಳಿಗೆ ಆಟ ಕಲಿಸುವ, ಕಿರಿಯರ ಲೀಗ್ ನಡೆಸುವ ಈಗಲ್ಸ್ ಫೌಂಡೇಶನ್ ಜೊತೆ ಸೇರಿಯೇ ಅದು ನಿಂತದ್ದು. ವೃತ್ತಿಪರ ತಂಡಕ್ಕೆ ವರ್ಷದಲ್ಲಿ ಬೇಕಾಗುವ ತವರು ಸಂಜೆಗಳು ಕೆಲವೇ. ಉಳಿದ ದಿನಗಳಲ್ಲಿ ಮಕ್ಕಳು, ಕಾಲೇಜು, ಊರ ತಂಡಗಳು ಅಂಕಣ ಬಳಸದಿದ್ದರೆ ಲೈಟು, ಹೀಟರಿನ ಖರ್ಚೂ ಹುಟ್ಟುವುದಿಲ್ಲ.

ಸ್ವಂತ ಹಾಲ್ ಇಲ್ಲದವರ ಪಾಡು ಪಕ್ಕಕ್ಕಿಟ್ಟು ನೋಡಿ. ಮಿಲ್ಟನ್ ಕೀನ್ಸ್ ಲಯನ್ಸ್ ಹಾಲ್ ಕೈತಪ್ಪಿ, ಶಾಪಿಂಗ್ ಸೆಂಟರಿನೊಳಗೆ ಅಂಕಣ ಹಾಸಿ ಆಡಿ, 2012ರಲ್ಲಿ ಊರು ಬಿಟ್ಟು ಲಂಡನ್ ಲಯನ್ಸ್ ಆಯಿತು. ಪ್ಲಿಮತ್ ರೇಡರ್ಸ್‌ಗೆ 2021ರಲ್ಲಿ ಪ್ಲಿಮತ್ ಪೆವಿಲಿಯನ್ಸ್ ಹಾಲ್ ಸಿಗದೆ ಹೋಗಿ ಲೀಗಿನಿಂದಲೇ ಹೊರಬಿತ್ತು. ಆ ಊರಿಗೆ ಪೇಟ್ರಿಯಟ್ಸ್ ಎಂಬ ಬೇರೆ ತಂಡ ಬಂತು.

2024ರ ನಂತರ ಬರೆಯುವವರಿಗೆ

2021ರ ಕೊನೆಯಲ್ಲಿ ಅಮೆರಿಕದ 777 ಪಾರ್ಟ್ನರ್ಸ್ ಬಿಬಿಎಲ್‌ನಲ್ಲಿ ದೊಡ್ಡ ಪಾಲು ಕೊಂಡಿತು. ಆ ಸಂಸ್ಥೆಯೇ ಹಣದ ಮುಗ್ಗಟ್ಟಿಗೆ ಸಿಲುಕಿದಾಗ, 2024ರಲ್ಲಿ ಬ್ರಿಟಿಷ್ ಬ್ಯಾಸ್ಕೆಟ್‌ಬಾಲ್ ಫೆಡರೇಶನ್ ಲೀಗಿನ ಪರವಾನಗಿ ಹಿಂಪಡೆಯಿತು. ಕ್ಲಬ್ಬುಗಳು ಸೂಪರ್ ಲೀಗ್ ಬ್ಯಾಸ್ಕೆಟ್‌ಬಾಲ್ ಎಂಬ ಹೊಸ ಲೀಗ್ ಕಟ್ಟಿ 2024-25 ಸೀಸನ್ ಆಡಿದವು, ಈಗಲ್ಸ್ ಕೂಡ. ಹಾಗಾಗಿ ಮೇಲಿನ ಏಳು ಚಾಂಪಿಯನ್‌ಶಿಪ್‌ಗಳನ್ನು ‘ಬಿಬಿಎಲ್’ ಎಂದೇ ಗುರುತು ಹಾಕಿ ಬರೆಯಿರಿ. ಹೊಸ ಲೀಗಿನ ಪ್ರಶಸ್ತಿಗಳಿಗೆ, 1987ಕ್ಕಿಂತ ಹಿಂದಿನ ಸಂಡರ್‌ಲೆಂಡ್ ಗೆಲುವುಗಳಿಗೆ ಬೇರೆ ಬೇರೆ ಕಾಲಂ ಇಡಿ. ಪ್ರತಿ ಸಾಲಿನ ಕೊನೆಗೆ ಆ ವರ್ಷದ ಹಾಲ್ ಹೆಸರನ್ನೂ ಸೇರಿಸಿಕೊಂಡರೆ ಪಟ್ಟಿ ಪೂರ್ತಿಯಾಗುತ್ತದೆ.