0818ರ ಮನೆತನ: ಎಸ್‌ಟಿಡಿ ಕೋಡ್ ಓದುವ ಬಗೆ

ತೀರ್ಥಹಳ್ಳಿಯ ಅಜ್ಜಿ ಮನೆಯಲ್ಲಿ ಫೋನಿನ ಪಕ್ಕ ಒಂದು ಹಳೇ ಕ್ಯಾಲೆಂಡರ್ ತೂಗುತ್ತಿತ್ತು. ಅದರ ಹಿಂಬದಿ ತುಂಬ ನೆಂಟರ ನಂಬರು. ಸಾಗರದ ಅತ್ತೆಗೆ 08183, ಶಿವಮೊಗ್ಗದ ಮಾವನಿಗೆ 08182, ಸೊರಬದವರಿಗೆ 08184. ಬೆಂಗಳೂರಿನವರಿಗೆ ಮಾತ್ರ ಬರೀ 080. ಅಷ್ಟು ದೊಡ್ಡ ಊರಿಗೆ ಇಷ್ಟು ಪುಟ್ಟ ಕೋಡಾ ಅಂತ ಆಗ ಅನಿಸುತ್ತಿತ್ತು. ನಂಬರ್ ಪ್ಲಾನಿಂಗ್ ಓದಲು ಕೂತಾಗ ನಾನು ಮೊದಲು ಹುಡುಕಿದ್ದು ಇದರ ಉತ್ತರವನ್ನೇ.

ಲೆಕ್ಕ ಇಷ್ಟೇ. ಭಾರತದಲ್ಲಿ ಕೋಡ್ ಮತ್ತು ಮನೆಯ ನಂಬರು ಸೇರಿ 10 ಅಂಕಿ. ಮೊದಲ ಸೊನ್ನೆ ಇದರಲ್ಲಿ ಸೇರಿಲ್ಲ. ಅದು 'ಈ ಕರೆ ಊರಾಚೆ ಹೋಗಬೇಕು' ಅಂತ ಎಕ್ಸ್‌ಚೇಂಜಿಗೆ ಹೇಳುವ ಸನ್ನೆ. ಹಾಗಾಗಿಯೇ ದುಬೈಯಿಂದ ಫೋನ್ ಮಾಡುವವರು 91 ಆದಮೇಲೆ ಸೊನ್ನೆ ಬಿಟ್ಟು 8182 ಒತ್ತುತ್ತಾರೆ. ಬೆಂಗಳೂರಿನ ಕೋಡಿಗೆ 2 ಅಂಕಿ ಹೋದರೆ ನಂಬರಿಗೆ 8 ಉಳಿಯುತ್ತದೆ. ಮೈಸೂರಿಗೆ 3 ಮತ್ತು 7. ಶಿವಮೊಗ್ಗಕ್ಕೆ 4 ಮತ್ತು 6. ಮನೆಯ ನಂಬರು ಸೊನ್ನೆಯಿಂದಾಗಲಿ, ಒಂದರಿಂದಾಗಲಿ ಶುರುವಾಗುವುದಿಲ್ಲ. 1 ಅನ್ನುವ ಅಂಕಿ 100, 108, 112 ಥರದ ನಂಬರುಗಳಿಗೆ ಮೀಸಲು. ಹಾಗಾಗಿ 6 ಅಂಕಿಯಲ್ಲಿ ಹೆಚ್ಚೆಂದರೆ 8 ಲಕ್ಷ ನಂಬರು, 8 ಅಂಕಿಯಲ್ಲಿ 8 ಕೋಟಿ. ಅಡಿಕೆ ತೋಟದ ನಡುವೆ ಒಂದೊಂದೇ ಮನೆ ಇರುವ ತಾಲ್ಲೂಕಿಗೆ 8 ಲಕ್ಷ ಧಾರಾಳವಾಯಿತು. ಬೆಂಗಳೂರಿಗೆ ಸಾಕಾಗುತ್ತದಾ?

ಹಾಗಾದರೆ ಎಲ್ಲ ಊರಿಗೂ ಚಿಕ್ಕ ಕೋಡ್ ಕೊಡಬಹುದಿತ್ತಲ್ವಾ? ಆಗುವುದಿಲ್ಲ. ಇಲ್ಲೇ ಇರುವುದು ನಿಜವಾದ ಮಜಾ. ಎಕ್ಸ್‌ಚೇಂಜು ನಂಬರನ್ನು ಎಡದಿಂದ ಒಂದೊಂದೇ ಅಂಕಿಯಾಗಿ ಓದುತ್ತದೆ. ಆದ್ದರಿಂದ ಒಂದು ಊರಿನ ಪೂರ್ತಿ ಕೋಡು ಇನ್ನೊಂದು ಊರಿನ ಕೋಡಿಗೆ ತಲೆಯಾಗಬಾರದು. 0821 ಮೈಸೂರಿಗೆ ಹೋಯಿತು ಅಂದಮೇಲೆ 08211, 08212 ಅಂತೆಲ್ಲ ಬೇರೆ ಊರಿಗೆ ಕೊಡುವ ಹಾಗಿಲ್ಲ. 0824 ಇಡಿಯಾಗಿ ಮಂಗಳೂರಿನದು, 0820 ಉಡುಪಿಯದು. ಅಕಸ್ಮಾತ್ 0818 ಅನ್ನು ಶಿವಮೊಗ್ಗವೇ ನುಂಗಿದ್ದರೆ ತೀರ್ಥಹಳ್ಳಿಗೆ 08181, ಸಾಗರಕ್ಕೆ 08183, ಹೊಸನಗರಕ್ಕೆ 08185, ಶಿಕಾರಿಪುರಕ್ಕೆ 08187 ಸಿಗುತ್ತಲೇ ಇರಲಿಲ್ಲ. ಮನೆ ಯಜಮಾನ ಒಬ್ಬನೇ ಜಾಗ ಹಿಡಿಯದೆ ತಮ್ಮಂದಿರಿಗೂ ಪಾಲು ಕೊಟ್ಟ ಹಾಗಾಯಿತು.

ಒಂದು ಕೋಡಿನ ವ್ಯಾಪ್ತಿಗೆ ಎಸ್‌ಡಿಸಿಎ (ಶಾರ್ಟ್ ಡಿಸ್ಟೆನ್ಸ್ ಚಾರ್ಜಿಂಗ್ ಏರಿಯಾ) ಅನ್ನುತ್ತಾರೆ. ಸಾಮಾನ್ಯವಾಗಿ ಅದು ಒಂದು ತಾಲ್ಲೂಕು. ಆದರೆ ಯಾವಾಗಲೂ ಅಲ್ಲ: ಕೊಪ್ಪ, ಶೃಂಗೇರಿ ಎರಡಕ್ಕೂ 08265 ಒಂದೇ. ಶಿವಮೊಗ್ಗದಿಂದ ಬಸ್ಸಿನಲ್ಲಿ ಸುಮಾರು 20 ಕಿಲೋಮೀಟರ್ ಹೋದರೆ ಸಿಗುವ ಭದ್ರಾವತಿಯದು 08282, ಬೇರೆಯೇ ಮನೆತನ. ಪಕ್ಕದ ಊರು ಅಂದಮಾತ್ರಕ್ಕೆ ಪಕ್ಕದ ಕೋಡ್ ಅಂತ ಊಹಿಸಿ ಬರೆಯಬೇಡಿ.

ನನಗೆ ಜಾಸ್ತಿ ಇಷ್ಟವಾದದ್ದು ಹೊನ್ನಾಳಿ (08188) ಮತ್ತು ಚನ್ನಗಿರಿ (08189). ಇವೆರಡೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದವು. ದಾವಣಗೆರೆಯ ಕೋಡು 08192, ಚಿತ್ರದುರ್ಗದ 08194ರ ಕಡೆಯದು. ಆದರೆ ಹೊನ್ನಾಳಿ, ಚನ್ನಗಿರಿಯವರು ಫೋನಿನಲ್ಲಿ ಇವತ್ತಿಗೂ ಶಿವಮೊಗ್ಗದವರೇ. ಊರಿನ ಹೆಸರು 2014ರಲ್ಲಿ ಶಿಮೊಗ್ಗದಿಂದ ಶಿವಮೊಗ್ಗ ಆಯಿತು. ಆಗಲೂ 08182 ಅಲ್ಲಾಡಲಿಲ್ಲ. ಬೋರ್ಡು ಬದಲಿಸುವುದು ಸುಲಭ. ಕೋಡು ಬದಲಿಸಿದರೆ ಮದುವೆ ಕಾಗದದಿಂದ ಹಿಡಿದು ಅಂಗಡಿ ಬಿಲ್ಲಿನವರೆಗೆ ಎಲ್ಲ ಮತ್ತೆ ಅಚ್ಚು ಹಾಕಿಸಬೇಕು.

ಮೊಬೈಲಿನದು ಬೇಗ ಮುಗಿಯುವ ಕಥೆ. ಅಲ್ಲಿ ತಾಲ್ಲೂಕಿನ ಲೆಕ್ಕವಿಲ್ಲ. ಇಡೀ ಕರ್ನಾಟಕ ಒಂದೇ ಸರ್ಕಲ್, ಅಂದರೆ ಒಂದೇ ಸೇವಾ ವಲಯ. ಕಂಪನಿಗಳಿಗೆ ನಂಬರಿನ ಕಟ್ಟು ಹಂಚುತ್ತಾರೆ. 94480 ಅಂದರೆ ಬಿಎಸ್‌ಎನ್‌ಎಲ್ ಅಂತ ಹಿಂದೆ ಕಣ್ಣು ಮುಚ್ಚಿ ಹೇಳಬಹುದಿತ್ತು. 2011ರ ಜನವರಿಯಲ್ಲಿ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಲಭ್ಯ ದೇಶಕ್ಕೆಲ್ಲ ಬಂತು. ಆಮೇಲೆ ಆ ಗುರುತಿಗೆ ಬೆಲೆ ಇಲ್ಲ.

ಪರೀಕ್ಷೆಗೆ ಓದುವವರು ಒಂದು ತಾರೀಖು ಗುರುತು ಹಾಕಿಕೊಳ್ಳಿ: 2021ರ ಜನವರಿ 15. ಅವತ್ತಿನಿಂದ ಲ್ಯಾಂಡ್‌ಲೈನಿನಿಂದ ಯಾವ ಮೊಬೈಲಿಗೆ ಮಾಡಿದರೂ ಮುಂದೆ ಸೊನ್ನೆ ಒತ್ತಬೇಕು. ಸುಮ್ನೆ ತೊಂದರೆ ಕೊಡಲು ಮಾಡಿದ್ದಲ್ಲ. ಸೊನ್ನೆ ಇಲ್ಲದೆ 9 ಒತ್ತಿದರೆ ಎಕ್ಸ್‌ಚೇಂಜು ಅದನ್ನು ಮೊಬೈಲ್ ಅಂತಲೇ ಹಿಡಿಯಬೇಕಿತ್ತು. ಹೀಗಾಗಿ ಊರೊಳಗಿನ ನಂಬರಿಗೆ ಆ ಅಂಕಿ ಬಳಸುವ ಹಾಗಿರಲಿಲ್ಲ. ಸೊನ್ನೆ ಬಂದು ಎರಡನ್ನೂ ಬೇರೆ ಮಾಡಿತು. ಇದರಿಂದ 254.4 ಕೋಟಿ ಹೊಸ ನಂಬರಿಗೆ ಜಾಗ ಸಿಗುತ್ತದೆ ಅನ್ನುವುದು ಸರ್ಕಾರದ ಲೆಕ್ಕ.

ಅಜ್ಜಿಗೆ ಮಾತ್ರ ಈ ಸೊನ್ನೆ ಅಭ್ಯಾಸವಾಗಲೇ ಇಲ್ಲ. ಪ್ರತಿ ಸಲ ಮರೆತು, ರೆಕಾರ್ಡಿನ ಹೆಂಗಸಿಗೆ "ಗೊತ್ತಾಯ್ತು ಬಿಡೇ" ಅಂತ ಬೈದು ಮತ್ತೆ ಒತ್ತುತ್ತಿದ್ದರು.